140 ಟ್ರಿಕ್ ಬಾಯಿಪಾಠ, ಆದರೂ ನಂಬರ್ ಸಿರೀಸ್ ಬರ್ತಿಲ್ಲ ಯಾಕೆ?

ಪ್ರಶ್ನೆ: ಸರ್, ನಮ್ಮದು ಗದಗ ಜಿಲ್ಲೆ ರೋಣ ತಾಲ್ಲೂಕಿನ ಒಂದು ಹಳ್ಳಿ. ಬಿಎ ಮುಗಿಸಿದ್ದೇನೆ, ಐಚ್ಛಿಕ ಕನ್ನಡ. ಒಂದೂವರೆ ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪೊಲೀಸ್ ಕಾನ್‌ಸ್ಟೇಬಲ್ ಮತ್ತು ರೈಲ್ವೆ ಎನ್‌ಟಿಪಿಸಿ (ಗುಮಾಸ್ತ, ಸ್ಟೇಷನ್ ಮಾಸ್ಟರ್ ಥರದ ಹುದ್ದೆಗಳದು) ಪರೀಕ್ಷೆಗೆ ಓದುತ್ತಿದ್ದೇನೆ. ಜಿಕೆ ಪರವಾಗಿಲ್ಲ. ನಂಬರ್ ಸಿರೀಸ್, ಅಂದರೆ ಸಂಖ್ಯೆಗಳ ಸರಣಿ ಕೊಟ್ಟು ಮುಂದಿನದು ಕೇಳೋ ಪ್ರಶ್ನೆ, ಕಂಡರೆ ಮಾತ್ರ ಕೈಕಾಲು ತಣ್ಣಗಾಗುತ್ತವೆ. ನೋಟ್‌ಬುಕ್ಕಿನಲ್ಲಿ 140 ಟ್ರಿಕ್ ಬರೆದುಕೊಂಡು ಬಾಯಿಪಾಠ ಮಾಡಿದ್ದೇನೆ. ರೂಮಿನಲ್ಲಿ ಕೂತು ಮಾಡಿದರೆ ಬರುತ್ತೆ, ಟೆಸ್ಟ್‌ನಲ್ಲಿ ಬರಲ್ಲ. ಹೋದ ವಾರ 6, 7, 16, 51, 208, ? ಅಂತ ಒಂದು ಇತ್ತು. ನಾಲ್ಕು ನಿಮಿಷ ತಿಂದಿತು, ಉತ್ತರ ಸಿಗಲಿಲ್ಲ. ಇನ್ನೊಂದು 2, 3, 5, ? ಅಂತ. ನಾನು 8 ಹಾಕಿದೆ, ಕೀ ಉತ್ತರದಲ್ಲಿ 7 ಇದೆ. ಟೆಸ್ಟ್ ಕೊಟ್ಟವರನ್ನು ಕೇಳಿದರೆ ‘ಅದು ಹಂಗ’ ಅಂದರು. ಇದೆಲ್ಲ ಹುಟ್ಟುತ್ತಲೇ ಬರಬೇಕು, ಆರ್ಟ್ಸ್‌ನವರಿಗೆ ಬರಲ್ಲ, ಸಿರೀಸ್ ಪೂರ್ತಿ ಬಿಟ್ಟುಬಿಡು ಅಂತ ರೂಮ್‌ಮೇಟ್ ಹೇಳುತ್ತಾಳೆ. ಮೂರು ಸಾವಿರ ಕೊಟ್ಟು ಬರೀ ರೀಸನಿಂಗ್‌ನ (ತರ್ಕದ ಪ್ರಶ್ನೆಗಳ) ಇನ್ನೊಂದು ಕೋರ್ಸ್ ಸೇರಲೋ, ಸಿರೀಸ್ ಕೈಬಿಡಲೋ? ಮನೆಯಲ್ಲಿ ದುಡ್ಡು ಕೇಳೋಕೆ ಮುಖ ಇಲ್ಲ.

ಉತ್ತರ: ತಂಗಿ, ಮೊದಲು 2, 3, 5ರ ಜಗಳ ಮುಗಿಸೋಣ. ಅದರಲ್ಲಿ ನಿಮ್ಮ ತಪ್ಪೇ ಇಲ್ಲ.

ಅವಿಭಾಜ್ಯ ಸಂಖ್ಯೆಗಳ ಸಾಲು ಅಂದುಕೊಂಡರೆ 5 ಆದ ಮೇಲೆ 7 ಬರುತ್ತೆ. ವ್ಯತ್ಯಾಸ 1, 2, 3 ಅಂತ ಏರುತ್ತಿದೆ ಅಂದುಕೊಂಡರೆ 8. ಹಿಂದಿನ ಎರಡು ಸಂಖ್ಯೆ ಕೂಡಿಸಿದರೂ 8. ಎರಡರಿಂದ ಗುಣಿಸಿ ಒಂದು ಕಳೆಯುತ್ತಾ ಹೋದರೆ 2ರಿಂದ 3, 3ರಿಂದ 5, 5ರಿಂದ 9. ಮೂರು ಉತ್ತರವೂ ಸರಿ! ಬರೀ ಮೂರು ಸಂಖ್ಯೆ ಕೊಟ್ಟು ನಾಲ್ಕನೆಯದು ಕೇಳಿದರೆ ಪ್ರಶ್ನೆಯೇ ಕುಂಟು. ಅದನ್ನು ಒಪ್ಪಿಕೊಳ್ಳೋಕೆ ಯಾರಿಗೂ ಮನಸ್ಸು ಬರಲ್ಲ, ಅದಕ್ಕೇ ‘ಅದು ಹಂಗ’ ಅನ್ನೋ ಉತ್ತರ ಸಿಗುತ್ತೆ.

ಈ ತಪ್ಪು ನಾನೂ ಮಾಡಿದ್ದೇನೆ. ಪಾಠ ಶುರು ಮಾಡಿದ ಹೊಸದರಲ್ಲಿ ಬೋರ್ಡ್ ಮೇಲೆ 3, 5, 7 ಬರೆದು ‘ಮುಂದಿನದು ಯಾವುದು?’ ಅಂತ ಕೇಳಿದೆ. ನನ್ನ ತಲೆಯಲ್ಲಿ ಅವಿಭಾಜ್ಯ ಸಂಖ್ಯೆ ಇತ್ತು, ಉತ್ತರ 11. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘9 ರೀ ಸರ’ ಅಂದಳು. ತಪ್ಪು ಅಂದೆ. ‘ಯಾಕ್ರಿ?’ ಅಂದಳು. ಆ ‘ಯಾಕ್ರಿ’ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಡಸ್ಟರ್ ತಗೊಂಡು ಅಳಿಸಿ, ನಾಲ್ಕನೆಯ ಸಂಖ್ಯೆ 11 ಅಂತ ನಾನೇ ಬರೆದು, ಐದನೆಯದು ಕೇಳಿದೆ. ಅವತ್ತಿನಿಂದ ಐದಕ್ಕಿಂತ ಕಡಿಮೆ ಸಂಖ್ಯೆಯ ಸರಣಿ ಕೊಡೋದೇ ಬಿಟ್ಟೆ.

ನಿಜ ಹೇಳಬೇಕೆಂದರೆ ಗಣಿತದ ಲೆಕ್ಕದಲ್ಲಿ ಎಷ್ಟೇ ಸಂಖ್ಯೆ ಕೊಟ್ಟರೂ ಮುಂದೆ ಯಾವ ಸಂಖ್ಯೆ ಬೇಕಾದರೂ ಬರುವಂಥ ಒಂದು ಸೂತ್ರ ಕಟ್ಟಬಹುದು. ನಂಬಿಕೆ ಬರದಿದ್ದರೆ ಒಂದು ಜೋಳದ ರೊಟ್ಟಿ ತಗೊಳ್ಳಿ, ಅಥವಾ ಹಾಳೆಯ ಮೇಲೆ ರೊಟ್ಟಿಯಷ್ಟು ದೊಡ್ಡ ದುಂಡು ಬರೆಯಿರಿ. ಅಂಚಿನಲ್ಲಿ ಒಂದು ಚುಕ್ಕಿ ಇಟ್ಟರೆ ರೊಟ್ಟಿ ಒಂದೇ ತುಂಡು. ಎರಡು ಚುಕ್ಕಿ ಇಟ್ಟು ಗೆರೆ ಎಳೆದರೆ 2 ತುಂಡು. ಮೂರು ಚುಕ್ಕಿ ಇಟ್ಟು ಎಲ್ಲವನ್ನೂ ಒಂದಕ್ಕೊಂದು ಸೇರಿಸಿದರೆ 4. ನಾಲ್ಕಕ್ಕೆ 8, ಐದಕ್ಕೆ 16. ಆರನೆಯ ಚುಕ್ಕಿಗೆ? ಎಲ್ಲರೂ 32 ಅಂತಾರೆ. ಎಣಿಸಿ ನೋಡಿ, ಹೆಚ್ಚೆಂದರೆ 31. ನಮ್ಮ ಮನೆಯಲ್ಲಿ ಇದನ್ನು ಮೂರು ಸಲ ಎಣಿಸಿದ್ದೇವೆ, ರೊಟ್ಟಿ ಆರಿಹೋಯಿತು.

ಹಾಗಾದರೆ ಪರೀಕ್ಷೆಯಲ್ಲಿ ಯಾವ ಉತ್ತರ ಬರೆಯೋದು? ಕೊಟ್ಟಿರುವ ಎಲ್ಲ ಸಂಖ್ಯೆಗೂ ಹೊಂದುವ ನಿಯಮಗಳಲ್ಲಿ ತುಂಬಾ ಸರಳವಾದದ್ದನ್ನು ಹಿಡಿಯಬೇಕು. ಅಲ್ಲಿ ನಡೆಯೋದು ಅಷ್ಟೇ. 1, 2, 4, 8, 16 ಕೊಟ್ಟರೆ 32 ಹಾಕಿ, ರೊಟ್ಟಿ ನೆನಪಿಸಿಕೊಂಡು 31 ಹಾಕಬೇಡಿ. ನಿಜವಾದ ಪರೀಕ್ಷೆಯಲ್ಲಿ ಎರಡು ನಿಯಮಕ್ಕೂ ಹೊಂದಿ ಎರಡು ಆಯ್ಕೆ ಸರಿ ಬರೋ ಪ್ರಶ್ನೆ ಸಿಕ್ಕಿತು ಅಂದುಕೊಳ್ಳಿ. ನೇಮಕಾತಿ ಪರೀಕ್ಷೆ ನಡೆಸುವ ಕೆಇಎ, ಕೆಪಿಎಸ್‌ಸಿ ತಾತ್ಕಾಲಿಕ ಕೀ ಉತ್ತರ ಬಿಟ್ಟು ಆಕ್ಷೇಪಣೆ ಕರೆಯುತ್ತವೆ, ಆಗ ನಿಮ್ಮ ನಿಯಮವನ್ನು ಎರಡು ಸಾಲಿನಲ್ಲಿ ಬರೆದು ಹಾಕಿ. ಕೋಚಿಂಗ್‌ನವರ ಅಭ್ಯಾಸ ಪರೀಕ್ಷೆ, ಅಂದರೆ ಟೆಸ್ಟ್ ಸೀರೀಸ್‌ನ ಕೀ ಜೊತೆ ಮಾತ್ರ ಜಗಳ ಬೇಡ. ಅದರಿಂದ ನಿಮ್ಮ ಮನಸ್ಸು ಕೆಡುತ್ತೆ, ಅವರ ಕೀ ಬದಲಾಗಲ್ಲ.

ಈಗ ರೂಮ್‌ಮೇಟ್ ಮಾತು. ಆರ್ಟ್ಸ್‌ನವರಿಗೆ ಬರಲ್ಲ ಅಂತ ನಾನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ, ಅದರಲ್ಲಿ ಹುರುಳಿಲ್ಲ. ನಂಬರ್ ಸಿರೀಸ್‌ಗೆ ಬೇಕಾದ ಗಣಿತ ಏಳನೇ ತರಗತಿಯದು. ಕೂಡಿಸು, ಕಳೆ, ಗುಣಿಸು, ವರ್ಗ, ಘನ, ಅವಿಭಾಜ್ಯ, ಮುಗೀತು. ಐಚ್ಛಿಕ ಕನ್ನಡ ಓದಿದ ನಿಮಗೆ ಒಂದು ಸರಣಿ ನಮಗಿಂತ ಚೆನ್ನಾಗಿ ಗೊತ್ತು, ಅದು ಸರಣಿ ಅಂತ ಯಾರೂ ಹೇಳಿಲ್ಲ ಅಷ್ಟೇ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು ಮಾತ್ರೆಯ ಜಾಗ ತುಂಬೋಕೆ ದಾರಿ ಒಂದೇ. ಎರಡು ಮಾತ್ರೆಗೆ ಎರಡು: ಗುರು, ಇಲ್ಲವೇ ಲಘು ಲಘು. ಮೂರು ಮಾತ್ರೆಗೆ ಮೂರು. ನಾಲ್ಕಕ್ಕೆ ಬರೆದು ನೋಡಿ: ಗುರು ಗುರು, ಗುರು ಲಘು ಲಘು, ಲಘು ಗುರು ಲಘು, ಲಘು ಲಘು ಗುರು, ನಾಲ್ಕೂ ಲಘು. ಐದು ದಾರಿ. ಐದು ಮಾತ್ರೆಗೆ ಎಂಟು. 1, 2, 3, 5, 8, ಮುಂದೆ 13. ಯಾಕೆ ಹಿಂದಿನ ಎರಡನ್ನು ಕೂಡಿಸಿದರೆ ಬರುತ್ತೆ? ಕೊನೆಯ ಅಕ್ಷರ ಲಘು ಆಗಿದ್ದರೆ ಅದರ ಹಿಂದೆ ಒಂದು ಮಾತ್ರೆ ಕಡಿಮೆ ಉಳಿದಿರುತ್ತೆ, ಗುರು ಆಗಿದ್ದರೆ ಎರಡು ಕಡಿಮೆ. ಆ ಎರಡರ ದಾರಿ ಕೂಡಿದರೆ ಒಟ್ಟು ದಾರಿ. ಯುರೋಪಿನಲ್ಲಿ ಫಿಬೊನಾಚಿ 1202ರಲ್ಲಿ ಮೊಲಗಳ ಲೆಕ್ಕವಾಗಿ ಬರೆದದ್ದು ಇದೇ ಸಾಲನ್ನು. ಅದಕ್ಕೂ ಮೊದಲೇ 12ನೇ ಶತಮಾನದಲ್ಲಿ ಗುಜರಾತಿನ ಜೈನ ಪಂಡಿತ ಹೇಮಚಂದ್ರ ಮಾತ್ರೆಗಳ ಲೆಕ್ಕದಲ್ಲಿ ಇದನ್ನು ಹೇಳಿದ್ದ, ಅವನಿಗೂ ಮೊದಲು ಛಂದಸ್ಸಿನ ಪಂಡಿತ ವಿರಹಾಂಕ. ಪ್ರಸ್ತಾರ ಹಾಕಿ ಗಣ ವಿಂಗಡಿಸಿದವರಿಗೆ ಸರಣಿ ಬರಲ್ಲ ಅಂದರೆ ನಾನು ನಂಬಲ್ಲ.

ತೊಂದರೆ ಇರೋದು ಆ 140 ಟ್ರಿಕ್‌ನಲ್ಲಿ. ಟ್ರಿಕ್ ತಪ್ಪು ಅಂತ ನಾನು ಹೇಳುತ್ತಿಲ್ಲ. ನೀವು ಅಭ್ಯಾಸ ಮಾಡೋ ರೀತಿ ಹೀಗಿರುತ್ತೆ ಅಲ್ವಾ: ‘ಟ್ರಿಕ್ 17, ಗುಣಿಸಿ ಕೂಡಿಸುವುದು’ ಅಂತ ತಲೆಬರಹ, ಅದರ ಕೆಳಗೆ ಅದೇ ಜಾತಿಯ ಇಪ್ಪತ್ತು ಲೆಕ್ಕ. ಮೊದಲನೆಯದನ್ನು ನೋಡಿ ಬಿಡಿಸುತ್ತೀರಿ, ಉಳಿದ ಹತ್ತೊಂಬತ್ತನ್ನು ಕೈ ತಾನೇ ಬಿಡಿಸುತ್ತೆ. ಖುಷಿ ಆಗುತ್ತೆ. ಆದರೆ ಆ ಇಪ್ಪತ್ತರಲ್ಲಿ ಒಂದು ಸಲವೂ ‘ಇದಕ್ಕೆ ಯಾವ ಟ್ರಿಕ್?’ ಅಂತ ನೀವು ಆರಿಸಲಿಲ್ಲ, ಪುಸ್ತಕವೇ ತಲೆಬರಹದಲ್ಲಿ ಆರಿಸಿ ಕೊಟ್ಟಿತ್ತು. ಪರೀಕ್ಷೆಯಲ್ಲಿ ಕೇಳೋದು ಬರೀ ಆ ಆರಿಸೋ ಕೆಲಸವನ್ನು. ಲೆಕ್ಕ ಮಾಡೋದು ಅಲ್ಲಿ ಹತ್ತು ಸೆಕೆಂಡ್‌ನ ಮಾತು. ರೂಮಿನಲ್ಲಿ ಬರುತ್ತೆ, ಟೆಸ್ಟ್‌ನಲ್ಲಿ ಬರಲ್ಲ ಅಂತ ನೀವು ಬರೆದಿದ್ದೀರಲ್ಲ, ಅದಕ್ಕೆ ಕಾರಣ ಭಯಕ್ಕಿಂತ ಹೆಚ್ಚಾಗಿ ಇದೇ. ಒಂದೂವರೆ ವರ್ಷದಲ್ಲಿ ನೀವು ಅಭ್ಯಾಸ ಮಾಡದೇ ಉಳಿದದ್ದು ಇದೊಂದನ್ನೇ.

ಹಾಗಾದರೆ ಆರಿಸೋದು ಹೇಗೆ? ಹಾವೇರಿ ದನದ ಸಂತೆಯಲ್ಲಿ ಎತ್ತು ಕೊಳ್ಳೋಕೆ ಬಂದ ರೈತ ಮೊದಲು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ, ಹಲ್ಲು ಎಣಿಸೋದು ಆಮೇಲೆ. ಸರಣಿಯಲ್ಲೂ ಮೊದಲು ನಡಿಗೆ ನೋಡಿ. ಪೆನ್ನು ಎತ್ತಬೇಡಿ, ಐದು ಸೆಕೆಂಡ್ ಸುಮ್ನೆ ಮೊದಲ ಸಂಖ್ಯೆಯಿಂದ ಕೊನೆಯ ಸಂಖ್ಯೆವರೆಗೆ ಕಣ್ಣಾಡಿಸಿ. ನಿಧಾನ ಏರುತ್ತಿದೆಯಾ, ಓಡುತ್ತಿದೆಯಾ, ಒಮ್ಮೆ ಮೇಲೆ ಒಮ್ಮೆ ಕೆಳಗೆ ಕುಣಿಯುತ್ತಿದೆಯಾ? ಈ ಮೂರರಲ್ಲಿ ಒಂದು ಗೊತ್ತಾದರೆ ನಿಮ್ಮ 140ರಲ್ಲಿ ನೂರಕ್ಕೂ ಹೆಚ್ಚು ಟ್ರಿಕ್ ತಾವಾಗಿಯೇ ಬಿದ್ದುಹೋಗುತ್ತವೆ.

ನಿಧಾನ ಏರುತ್ತಿದ್ದರೆ ವ್ಯತ್ಯಾಸ ಬರೆಯಿರಿ. ಬಾಯಲ್ಲಿ ಅಲ್ಲ, ರಫ್ ಹಾಳೆಯ ಮೇಲೆ, ಎರಡು ಸಂಖ್ಯೆಗಳ ನಡುವಿನ ಜಾಗದ ಕೆಳಗೆ. 7, 11, 19, 31, 47 ಇದ್ದರೆ ಕೆಳಗೆ 4, 8, 12, 16. ಮುಂದೆ 20, ಉತ್ತರ 67. ಮೊದಲ ಸಾಲಿನಲ್ಲಿ ನಿಯಮ ಕಾಣದಿದ್ದರೆ ಅದರ ಕೆಳಗೆ ಇನ್ನೊಂದು ಸಾಲು. 2, 9, 28, 65, 126 ನೋಡಿ. ಘನಕ್ಕೆ ಒಂದು ಕೂಡಿಸಿದ್ದು ಅಂತ ಹೊಳೆದರೆ ಸರಿ, 216ಕ್ಕೆ ಒಂದು ಸೇರಿಸಿ 217. ಹೊಳೆಯಲಿಲ್ಲ ಅಂದುಕೊಳ್ಳಿ. ವ್ಯತ್ಯಾಸ 7, 19, 37, 61. ಅದರ ಕೆಳಗೆ 12, 18, 24. ಆರಾರು ಏರುತ್ತಿದೆ, ಮುಂದಿನದು 30. ಕೆಳಗಿನಿಂದ ಮೇಲೆ ಹತ್ತಿ: 61ಕ್ಕೆ 30 ಸೇರಿಸಿ 91, 126ಕ್ಕೆ 91 ಸೇರಿಸಿ 217. ಘನ ನೆನಪಿಲ್ಲದೆಯೂ ಉತ್ತರ ಬಂತು. ವರ್ಗ, ಘನದ ಮೇಲೆ ಕಟ್ಟಿದ ಸರಣಿಗಳು ಬಹುಮಟ್ಟಿಗೆ ಎರಡು, ಮೂರು ಸಾಲು ಇಳಿಯುವಷ್ಟರಲ್ಲಿ ಮಣಿಯುತ್ತವೆ. ಹಾಗಂತ ವರ್ಗ ಕಲಿಯಬೇಡಿ ಅಂತಲ್ಲ. ನನ್ನ ಮಟ್ಟಿಗೆ 30ರವರೆಗಿನ ವರ್ಗ, 15ರವರೆಗಿನ ಘನ, 50ರೊಳಗಿನ ಅವಿಭಾಜ್ಯ ಸಂಖ್ಯೆ ಸಾಕು. ಬಾಯಿಪಾಠ ಮಾಡಬೇಕಾದ್ದು ಇಷ್ಟೇ.

ಒಂದು ಕಡೆ ಮಾತ್ರ ವ್ಯತ್ಯಾಸ ಕೈಕೊಡುತ್ತೆ. 4, 9, 25, 49, 121 ಕೊಟ್ಟರೆ ಕೆಳಗೆ 5, 16, 24, 72 ಬರುತ್ತೆ, ಏನೂ ತಿಳಿಯಲ್ಲ. ಇಲ್ಲಿ ಸಂಖ್ಯೆಗಳ ಮುಖವನ್ನೇ ನೋಡಬೇಕು: ಎಲ್ಲವೂ ವರ್ಗ, ಅದೂ 2, 3, 5, 7, 11ರ ವರ್ಗ. ಮುಂದೆ 13ರದು, 169.

ಓಡುತ್ತಿದ್ದರೆ ಗುಣಾಕಾರ ಇದೆ. ನಿಮ್ಮ ನಾಲ್ಕು ನಿಮಿಷ ಕಳೆದದ್ದು ಇಲ್ಲೇ. 6, 7, 16, 51, 208. ನೀವು ಏನು ಮಾಡಿರುತ್ತೀರಿ ಅಂತ ಊಹಿಸಬಲ್ಲೆ. ಎಡಗಡೆಯಿಂದ ಶುರು ಮಾಡಿ, 6ರಿಂದ 7, ಒಂದು ಕೂಡಿಸಿದ್ದಾರೆ. 7ರಿಂದ 16, ಒಂಬತ್ತು ಕೂಡಿಸಿದ್ದಾರೆ. ಆಮೇಲೆ 35, ಆಮೇಲೆ 157. ಒಂದು, ಒಂಬತ್ತು ಅಂದಕೂಡಲೇ ವರ್ಗ ಇರಬೇಕು ಅನಿಸಿ, ಮುಂದೆ 25 ಬರಲಿಲ್ಲವಲ್ಲ ಅಂತ ಮತ್ತೆ ಶುರುವಿನಿಂದ... ನಾಲ್ಕು ನಿಮಿಷ ಹೋಗೋಕೆ ಇನ್ನೇನು ಬೇಕು?

ಬಲಗಡೆಯಿಂದ ನೋಡಿ. 208ರಲ್ಲಿ 51 ಎಷ್ಟು ಸಲ? ನಾಲ್ಕು ಸಲ, 4 ಉಳಿಯುತ್ತೆ. 51ರಲ್ಲಿ 16? ಮೂರು ಸಲ, 3 ಉಳಿಯುತ್ತೆ. 16ರಲ್ಲಿ 7? ಎರಡು ಸಲ, 2 ಉಳಿಯುತ್ತೆ. ಸಾಕು! 208ನ್ನು ಐದರಿಂದ ಗುಣಿಸಿ ಐದು ಕೂಡಿಸಿ: 1045. ಹಿಂದಿನಿಂದ ಯಾಕೆ ಬೇಗ ಬಂತು ಅಂದರೆ, ಗುಣಿಸಿದ ಮೇಲೆ ಕೂಡಿಸೋದು ಸಾಮಾನ್ಯವಾಗಿ ಚಿಕ್ಕ ಸಂಖ್ಯೆ. ಸರಣಿಯ ಶುರುವಿನಲ್ಲಿ ಎಲ್ಲವೂ ಚಿಕ್ಕದೇ ಆದ್ದರಿಂದ ಆ ಕೂಡಿಸಿದ್ದು ಗುಣಿಸಿದ್ದನ್ನು ಮುಚ್ಚಿಬಿಡುತ್ತೆ. 6ರಿಂದ 7ಕ್ಕೆ ಹೋದದ್ದು ಗುಣಾಕಾರ ಅಂತ ಯಾರಿಗೆ ಅನಿಸುತ್ತೆ? ಕೊನೆಗೆ ಬರುವಷ್ಟರಲ್ಲಿ ಸಂಖ್ಯೆ ದೊಡ್ಡದಾಗಿ, ಕೂಡಿಸಿದ್ದು ಅದರ ಮುಂದೆ ಚಿಲ್ಲರೆ ಆಗಿರುತ್ತೆ, ಗುಣಿಸಿದ್ದು ಬೆತ್ತಲೆ ಕಾಣುತ್ತೆ. ಇದನ್ನು ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಳ್ಳಿ, 141ನೇ ಟ್ರಿಕ್ ಅಂತ ಬೇಕಾದರೆ ಕರೆಯಿರಿ: ಓಡೋ ಸರಣಿಯನ್ನು ಬಾಲದಿಂದ ಹಿಡಿ.

ಸ್ವಲ್ಪ ಇಳಿದು ಆಮೇಲೆ ಓಡೋದೂ ಇರುತ್ತೆ. 16, 8, 8, 12, 24, 60. ಬಾಲದಿಂದ ಹಿಡಿದರೆ 60, 24ರ ಎರಡೂವರೆ ಪಟ್ಟು. 24, 12ರ ಎರಡು ಪಟ್ಟು. 12, 8ರ ಒಂದೂವರೆ. ಅರ್ಧರ್ಧ ಏರುತ್ತಿದೆ. ಮುಂದೆ ಮೂರು ಪಟ್ಟು, 180. ಬ್ಯಾಂಕ್ ಪರೀಕ್ಷೆಯವರಿಗೆ ಇದು ತುಂಬಾ ಪ್ರೀತಿ.

ಕುಣಿಯುತ್ತಿದ್ದರೆ ಎರಡು ಸರಣಿಯನ್ನು ಜಡೆ ಹೆಣೆದಿದ್ದಾರೆ ಅಂತ ಲೆಕ್ಕ. 5, 40, 8, 35, 12, 30, 17, ? ಇದನ್ನು ಒಂದು ಬಿಟ್ಟು ಒಂದು ಓದಿ: 5, 8, 12, 17 ಒಂದು ಎಳೆ, 40, 35, 30 ಇನ್ನೊಂದು. ಕೇಳಿರೋದು ಎರಡನೇ ಎಳೆಯದು, 25. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮೂರು ನಾಲ್ಕು ಗೊತ್ತಿರೋ ಗದಗಿನವರಿಗೆ ಇದನ್ನು ಜಾಸ್ತಿ ಹೇಳಬೇಕಿಲ್ಲ. ಇನ್ನೊಂದು ಗುರುತು ಇದೆ. ಸರಣಿ ಏಳು, ಎಂಟು ಸಂಖ್ಯೆಯಷ್ಟು ಉದ್ದ ಇದ್ದರೆ ಏರುತ್ತಲೇ ಇದ್ದರೂ ಎರಡು ಎಳೆ ಇದೆಯಾ ಅಂತ ಅನುಮಾನಪಡಿ. ಸುಮ್ನೆ ಯಾರೂ ಅಷ್ಟು ಸಂಖ್ಯೆ ಕೊಡಲ್ಲ, ಒಂದೊಂದು ಎಳೆಗೂ ಮೂರು ನಾಲ್ಕು ಬೇಕಲ್ಲ, ಅದಕ್ಕೆ ಕೊಟ್ಟಿರುತ್ತಾರೆ.

ನೀವು ಕೇಳಿಲ್ಲ, ಆದರೂ ‘ತಪ್ಪು ಸಂಖ್ಯೆ ಹುಡುಕಿ’ ಅನ್ನೋ ಜಾತಿಯ ಬಗ್ಗೆ ಹೇಳಿಬಿಡುತ್ತೇನೆ, ಮಕ್ಕಳು ಅದಕ್ಕೆ ವಿನಾಕಾರಣ ಹೆದರುತ್ತಾರೆ. 4, 9, 19, 39, 78, 159 ತಗೊಳ್ಳಿ. ವ್ಯತ್ಯಾಸ 5, 10, 20, 39, 81. ಮೊದಲ ಮೂರು ದುಪ್ಪಟ್ಟಾಗುತ್ತಾ ಬಂದಿವೆ, ಮುಂದೆ 40, 80 ಇರಬೇಕಿತ್ತು. ಒಂದು ಕಡೆ ಒಂದು ಕಡಿಮೆ, ಪಕ್ಕದಲ್ಲೇ ಒಂದು ಜಾಸ್ತಿ. ನಡುವಿನ ಒಂದು ಸಂಖ್ಯೆ ಕೆಟ್ಟರೆ ಅದರ ಎರಡೂ ಮಗ್ಗುಲಿನ ವ್ಯತ್ಯಾಸ ಕೆಡುತ್ತೆ, ಒಂದು ಎಷ್ಟು ತಗ್ಗುತ್ತೋ ಇನ್ನೊಂದು ಅಷ್ಟೇ ಉಬ್ಬುತ್ತೆ. ಆ ಎರಡರ ನಡುವೆ ಕೂತಿರೋ 78 ಕಳ್ಳ, ಅಲ್ಲಿ 79 ಇರಬೇಕಿತ್ತು.

ಇನ್ನು ಸಮಯದ ಮಾತು. ಕಾನ್‌ಸ್ಟೇಬಲ್ ಪರೀಕ್ಷೆಯಲ್ಲಿ 100 ಪ್ರಶ್ನೆ, 90 ನಿಮಿಷ. ಎನ್‌ಟಿಪಿಸಿಯ ಮೊದಲ ಹಂತದ ಸಿಬಿಟಿಯಲ್ಲೂ ಅಷ್ಟೇ. (ಸಿಬಿಟಿ ಅಂದರೆ ನಮ್ಮ ಹುಬ್ಬಳ್ಳಿ-ಧಾರವಾಡದವರಿಗೆ ಸಿಟಿ ಬಸ್ ನಿಲ್ದಾಣ, ರೈಲ್ವೆಯವರಿಗೆ ಕಂಪ್ಯೂಟರ್ ಪರೀಕ್ಷೆ. ‘ನಾಳೆ ಸಿಬಿಟಿ ಐತಿ’ ಅಂದ ಹುಡುಗನಿಗೆ ಅವರಪ್ಪ ‘ಬಸ್ ಸ್ಟ್ಯಾಂಡ್ ದಿನಾ ಇರ್ತದಲ್ಲೋ’ ಅಂದಿದ್ದರು.) ಅಂದರೆ ಒಂದು ಪ್ರಶ್ನೆಗೆ 54 ಸೆಕೆಂಡ್. ನೀವು ಒಂದು ಸರಣಿಗೆ ಕೊಟ್ಟ ನಾಲ್ಕು ನಿಮಿಷದಲ್ಲಿ ನಾಲ್ಕು ಜಿಕೆ ಪ್ರಶ್ನೆ ಮುಗಿಯುತ್ತಿದ್ದವು, ಅದೂ ನೀವು ಜಿಕೆಯಲ್ಲಿ ಪರವಾಗಿಲ್ಲ ಅನ್ನುವವರು. ಉತ್ತರ ಸಿಕ್ಕಿದ್ದರೂ ಅದು ನಷ್ಟದ ವ್ಯಾಪಾರವೇ.

ಇದನ್ನು ನೋಡಿದರೆ ಸಿರೀಸ್ ಪೂರ್ತಿ ಬಿಡೋದೇ ಒಳ್ಳೆಯದು ಅನಿಸಬಹುದು. ಕಾನ್‌ಸ್ಟೇಬಲ್‌ಗೆ ಮಾತ್ರ ಬರೆಯುತ್ತೀರಿ, ಪರೀಕ್ಷೆ ಇನ್ನು ಹದಿನೈದು ದಿನ ಇದೆ ಅಂದರೆ ನಾನೂ ಹಾಗೇ ಹೇಳುತ್ತಿದ್ದೆ. ಅಲ್ಲಿ ಜಿಕೆಯದೇ ದೊಡ್ಡ ಪಾಲು. ಆದರೆ ಎನ್‌ಟಿಪಿಸಿಯ ಮೊದಲ ಹಂತದಲ್ಲಿ ರೀಸನಿಂಗ್‌ಗೇ 30 ಅಂಕ, ಗಣಿತಕ್ಕೆ 30. ಸರಣಿ ಓದೋ ಕಣ್ಣು ಅಕ್ಷರ ಸರಣಿ, ಸಂಬಂಧ ಗುರುತಿಸೋ ಪ್ರಶ್ನೆ, ಗುಂಪಿಗೆ ಸೇರದ್ದು, ಎಲ್ಲಕ್ಕೂ ಬೇಕು. ಬಿಟ್ಟರೆ ಒಂದೆರಡು ಅಂಕದ ಜೊತೆ ಆ ಕಣ್ಣೂ ಹೋಗುತ್ತೆ. ಮುಂದೆ ಬ್ಯಾಂಕ್ ಕಡೆ ಹೊರಳೋ ಯೋಚನೆ ಇದ್ದರಂತೂ ಬಿಡಲೇಬೇಡಿ. ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ 35 ಗಣಿತ ಪ್ರಶ್ನೆಗೆ ಬರೀ 20 ನಿಮಿಷ, ಸಿರೀಸ್ ಬಂದರೆ ಸಾಮಾನ್ಯವಾಗಿ ಐದರ ಗೊಂಚಲಾಗಿ ಬರುತ್ತೆ.

ನಾನು ಹೇಳೋ ದಾರಿ ಎರಡು ಸುತ್ತಿನದು. ಮೊದಲ ಸುತ್ತಿನಲ್ಲಿ ಒಂದು ಸರಣಿಗೆ 40 ಸೆಕೆಂಡ್. ಐದು ಸೆಕೆಂಡ್ ನಡಿಗೆ ನೋಡೋಕೆ, ಉಳಿದದ್ದು ಒಂದೇ ಒಂದು ಪ್ರಯತ್ನಕ್ಕೆ. ಬಂದರೆ ಸರಿ, ಬರದಿದ್ದರೆ ಪ್ರಶ್ನೆಯ ಪಕ್ಕ ಸಣ್ಣ ಗುರುತು ಹಾಕಿ ಮುಂದೆ ಹೋಗಿ. ಕೊನೆಯಲ್ಲಿ ಸಮಯ ಉಳಿದರೆ ವಾಪಸ್ ಬನ್ನಿ. ಎಷ್ಟೋ ಸಲ ಎರಡನೇ ಸಲ ನೋಡಿದ ಕೂಡಲೇ ಹೊಳೆಯುತ್ತೆ, ಯಾಕಂದ್ರೆ ಮೊದಲ ಸಲ ಹಿಡಿದಿದ್ದ ತಪ್ಪು ದಾರಿ ಅಷ್ಟರಲ್ಲಿ ಮರೆತಿರುತ್ತೆ.

ಇದರಲ್ಲಿ ಒಂದು ಅಪಾಯ ಇದೆ, ಅದು ಉತ್ತರದ ದುಂಡು ಕಪ್ಪು ಮಾಡೋ ಒಎಂಆರ್ ಹಾಳೆಯಲ್ಲಿ. 37ನೇ ಪ್ರಶ್ನೆ ಬಿಟ್ಟು 38ರ ಉತ್ತರವನ್ನು 37ರ ಸಾಲಿನಲ್ಲಿ ಕಪ್ಪು ಮಾಡಿದರೆ ಅಲ್ಲಿಂದ ಮುಂದೆ ಎಲ್ಲ ಒಂದು ಮನೆ ಜಾರುತ್ತೆ. ನನ್ನ ಒಬ್ಬ ವಿದ್ಯಾರ್ಥಿಗೆ ಹೀಗಾಗಿ ಹನ್ನೊಂದು ಪ್ರಶ್ನೆ ಆದ ಮೇಲೆ ಗೊತ್ತಾಯಿತು. ಪೆನ್ನಿನ ಮಸಿ ಅಳಿಸೋ ಹಾಗಿಲ್ಲ, ಕಣ್ಣಲ್ಲಿ ನೀರು ತಗೊಂಡು ಹೊರಗೆ ಬಂದ. ಒಂದು ಪ್ರಶ್ನೆ ಬಿಟ್ಟ ಕೂಡಲೇ ಮುಂದಿನ ಪ್ರಶ್ನೆಯ ನಂಬರನ್ನು ಬಾಯಲ್ಲಿ ಪಿಸುಗುಟ್ಟಿ ಆಮೇಲೆ ಕಪ್ಪು ಮಾಡಿ. ಹುಚ್ಚು ಅನಿಸುತ್ತೆ, ಆದರೆ ಕೆಲಸ ಮಾಡುತ್ತೆ.

ಊಹೆ ಮಾಡಿ ಹಾಕಲೋ ಬೇಡವೋ ಅನ್ನೋದನ್ನೂ ಲೆಕ್ಕ ಹಾಕೋಣ. ಕಾನ್‌ಸ್ಟೇಬಲ್ ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ, ತಪ್ಪಿಗೆ ಕಾಲು ಅಂಕ ಕಡಿತ. ಕಣ್ಣು ಮುಚ್ಚಿ ನಾಲ್ಕು ಪ್ರಶ್ನೆಗೆ ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಒಂದು ಬಂತು, ಮುಕ್ಕಾಲು ಹೋಯಿತು, ಕಾಲು ಉಳಿಯಿತು. ಎನ್‌ಟಿಪಿಸಿಯಲ್ಲಿ ಕಡಿತ ಮೂರರಲ್ಲಿ ಒಂದು ಪಾಲು, ಅಲ್ಲಿ ಒಂದು ಬಂದು ಒಂದು ಹೋಗುತ್ತೆ, ಕೈಗೆ ಸೊನ್ನೆ. ಅಂದರೆ ಬರೀ ಊಹೆಯಲ್ಲಿ ಹೇಳಿಕೊಳ್ಳುವಂಥ ಗಳಿಕೆ ಇಲ್ಲ. ಆದರೆ ಎರಡು ಆಯ್ಕೆ ತೆಗೆದುಹಾಕೋಕೆ ಆದರೆ ಎರಡೂ ಕಡೆ ಹಾಕೋದೇ ಲಾಭ. ಸರಣಿಯಲ್ಲಿ ಎರಡನ್ನು ತೆಗೆಯೋದು ಅಷ್ಟು ಕಷ್ಟ ಅಲ್ಲ: 3, 7, 15, 31, 63 ಕೊಟ್ಟು 95, 126, 127, 189 ಅಂತ ಆಯ್ಕೆ ಇದೆ ಅಂದುಕೊಳ್ಳಿ. ಕೊಟ್ಟದ್ದೆಲ್ಲ ಬೆಸ, ಹಾಗಾಗಿ ಸಮ ಸಂಖ್ಯೆಯ ಆಯ್ಕೆ ಬಹುತೇಕ ಅಲ್ಲ, ಪ್ರತಿ ಸಲ ದುಪ್ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತಿದೆ, ಹಾಗಾಗಿ 95 ತುಂಬಾ ಕಡಿಮೆ, 189 ತುಂಬಾ ಜಾಸ್ತಿ. ಉಳಿದದ್ದು 127. ನಿಯಮವೇ ಹುಡುಕದೆ ಇಲ್ಲಿಗೆ ಬಂದಿರಿ ನೋಡಿ. ಇದೂ ತಪ್ಪಬಹುದು, ಸಮ-ಬೆಸ ಅದಲುಬದಲಾಗೋ ಸರಣಿ ಇರುತ್ತವೆ, ಹುಷಾರು.

ಮೂರು ಸಾವಿರದ ಕೋರ್ಸ್ ಬೇಡ. ಎಲ್ಲ ಕೋರ್ಸೂ ಮೋಸ ಅಂತ ನಾನು ಹೇಳಲ್ಲ, ನಾನೂ ಪಾಠ ಹೇಳಿಯೇ ಹೊಟ್ಟೆ ಹೊರೆದವನು. ಆದರೆ ಆ ಕೋರ್ಸಿನಲ್ಲಿ ಸಿಗೋದು 141ರಿಂದ 200ರವರೆಗಿನ ಟ್ರಿಕ್, ಅದೂ ತಲೆಬರಹದ ಕೆಳಗೆ ಇಪ್ಪತ್ತಿಪ್ಪತ್ತು ಲೆಕ್ಕದ ಹಾಗೆ. ನಿಮ್ಮ ರೋಗಕ್ಕೆ ಅದೇ ಔಷಧಿಯ ಇನ್ನೊಂದು ಬಾಟಲಿ. ಮನೆಯಲ್ಲಿ ದುಡ್ಡು ಕೇಳೋ ಸಂಕಟವೂ ತಪ್ಪಲಿ.

ಅದರ ಬದಲು ಒಂದು ಖಾಲಿ ಪೇಡೆ ಡಬ್ಬಿ ಹುಡುಕಿ. ಧಾರವಾಡದಲ್ಲಿ ಇದ್ದೀರಿ, ಪಕ್ಕದ ರೂಮಿನಲ್ಲಾದರೂ ಸಿಗುತ್ತೆ. ಹಳೆಯ ಪ್ರಶ್ನೆಪತ್ರಿಕೆಗಳಿಂದ ಅರವತ್ತು ಸರಣಿ ಆರಿಸಿ, ಒಂದೊಂದನ್ನೂ ಒಂದು ಚೀಟಿಯಲ್ಲಿ ಬರೆಯಿರಿ, ಉತ್ತರ ಹಿಂದುಗಡೆ. ಯಾವ ಟ್ರಿಕ್ ಅಂತ ಬರೆಯಬೇಡಿ. ಡಬ್ಬಿಯಲ್ಲಿ ಹಾಕಿ ಕುಲುಕಿ. ಮೊದಲ ವಾರ ಒಂದು ಲೆಕ್ಕವನ್ನೂ ಬಿಡಿಸಬೇಡಿ. ದಿನಾ ಇಪ್ಪತ್ತು ಚೀಟಿ ತೆಗೆದು, ಹತ್ತು ಸೆಕೆಂಡ್ ನೋಡಿ, ‘ನಿಧಾನ’, ‘ಓಟ’, ‘ಜಡೆ’, ‘ಮುಖ ನೋಡೋದು’ ಅಂತ ಬಾಯಲ್ಲಿ ಹೇಳಿ ಬದಿಗಿಡಿ, ಅಷ್ಟೇ. ಮೂರನೇ ದಿನಕ್ಕೆ ಬೇಸರ ಬರುತ್ತೆ, ಕೈ ತುರಿಸುತ್ತೆ, ತಡೆದುಕೊಳ್ಳಿ. ಎರಡನೇ ವಾರದಿಂದ ಹತ್ತು ಚೀಟಿ, ಒಂದಕ್ಕೆ 40 ಸೆಕೆಂಡ್, ಮೊಬೈಲಿನಲ್ಲಿ ಟೈಮರ್ ಇಟ್ಟು. ಬರದ ಚೀಟಿ ವಾಪಸ್ ಡಬ್ಬಿಗೆ, ಎರಡು ಸಲ ಸರಿ ಬಂದದ್ದು ಹೊರಗೆ. ರೂಮ್‌ಮೇಟ್‌ಗೂ ಡಬ್ಬಿಗೆ ಹತ್ತು ಚೀಟಿ ಹಾಕೋಕೆ ಹೇಳಿ. ತನಗೆ ಬರಲ್ಲ ಅನ್ನೋದನ್ನು ಮುಚ್ಚೋಕೆ ಅವಳು ಹಾಗೆ ಹೇಳುತ್ತಿರಲೂಬಹುದು.

ಶುರು ಮಾಡೋಕೆ ನಾಲ್ಕು ಚೀಟಿ ನಾನೇ ಕೊಡುತ್ತೇನೆ:

5, 6, 10, 19, 35, ?
4, 6, 12, 30, 90, ?
9, 50, 11, 46, 15, 42, 21, ?
720, 360, 120, 30, 6, ?

ಉತ್ತರಗಳು 1, 38, 60, 315. ಕಲಸಿ ಇಟ್ಟಿದ್ದೇನೆ, ಯಾವುದಕ್ಕೆ ಯಾವುದು ಅಂತ ನೀವೇ ಹಚ್ಚಿ ಚೀಟಿಯ ಹಿಂದೆ ಬರೆದುಕೊಳ್ಳಿ.